ಆನ್‌ಲೈನ್ ಬ್ರಿಡ್ಜ್ ಮೇಜಿನಲ್ಲಿ ವೀಕ್ಷಕರ ಮಾತು: ಎಲ್ಲಿಯವರೆಗೆ ಬಿಡಬೇಕು, ಎಲ್ಲಿ ತಡೆಯಬೇಕು?

ಭಾನುವಾರದ ಮೇಜು:

ಎಲ್ಲ ಸದಸ್ಯರಿಗೂ ನಮಸ್ಕಾರ. ಬ್ರಿಡ್ಜ್ ಬೇಸ್ ಆನ್‌ಲೈನ್ ತಾಣದಲ್ಲಿ ಭಾನುವಾರ ರಾತ್ರಿ ಕನ್ನಡಿಗರಿಗಾಗಿ ಒಂದು ಮೇಜು ತೆರೆಯುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಬೆಂಗಳೂರು, ಧಾರವಾಡ, ಶಿವಮೊಗ್ಗಗಳಿಂದಲೂ ದುಬೈ, ನ್ಯೂಜೆರ್ಸಿಗಳಿಂದಲೂ ಜನ ಬರುತ್ತಾರೆ. ಬ್ರಿಡ್ಜ್ ಇಬ್ಬರಿಬ್ಬರು ಜೊತೆಗಾರರಾಗಿ ಆಡುವ ಇಸ್ಪೀಟು ಆಟ. ಆಡುವವರು ನಾಲ್ವರೇ ಆದರೂ ನೋಡುವವರು ಅದರ ನಾಲ್ಕೈದು ಪಟ್ಟು ಇರುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರು ಆಟ ಕಲಿಯಲೆಂದೇ ಬಂದವರು. ಇಲ್ಲಿ ಹಣದ ಮಾತೇ ಇಲ್ಲ. ಆಟದ ಮೇಲಿನ ಪ್ರೀತಿಗಾಗಿ ಮಾತ್ರ ನಾವು ಸೇರುತ್ತೇವೆ.

ಈಚೆಗೆ ವೀಕ್ಷಕರ ಮಾತು ಆಟವನ್ನೇ ಕೆಡಿಸುವ ಮಟ್ಟಕ್ಕೆ ಬಂದಿದೆ. ಒಂದು ಉದಾಹರಣೆ ಹೇಳುತ್ತೇನೆ. ಹಿರಿಯರೊಬ್ಬರು ಡಿಕ್ಲೇರರ್ ಆಗಿ, ಅಂದರೆ ಬಿಡ್ಡಿಂಗ್ (ಸವಾಲು) ಗೆದ್ದ ಜೋಡಿಯ ಪರವಾಗಿ ಆಡುವವರಾಗಿ, ನಾಲ್ಕು ಸ್ಪೇಡ್ ಕಾಂಟ್ರ್ಯಾಕ್ಟ್ (ಸ್ಪೇಡ್ ತುರುಪಾಗಿರಲು ಹದಿಮೂರು ಸುತ್ತುಗಳಲ್ಲಿ ಹತ್ತನ್ನು ಗೆಲ್ಲುವ ಕರಾರು) ಆಡುತ್ತಿದ್ದರು. ಅವರ ಕೈಯಲ್ಲೂ ಡಮ್ಮಿಯಲ್ಲೂ (ಮೇಜಿನ ಮೇಲೆ ಹಾಸಿದ ಜೊತೆಗಾರರ ಎಲೆಗಳಲ್ಲೂ) ಸೇರಿ ಎಂಟು ಟ್ರಂಪ್ (ತುರುಪು) ಇದ್ದವು, ಎದುರಾಳಿಗಳ ಬಳಿ ಐದು. ಎಕ್ಕವನ್ನೂ ರಾಜನನ್ನೂ ಆಡಿ ಟ್ರಂಪ್ ಎಳೆಯಲು ಅವರು ಹೊರಟಿದ್ದಾಗ ವೀಕ್ಷಕರೊಬ್ಬರು ಎಲ್ಲರಿಗೂ ಕಾಣುವ ಚಾಟ್‌ನಲ್ಲಿ, "ಅವಸರ ಬೇಡ ಸರ್, ಈ ಕೈ ಚೆನ್ನಾಗಿದೆ" ಎಂದು ಬರೆದರು. ಡಿಕ್ಲೇರರ್ ಸ್ವಲ್ಪ ಹೊತ್ತು ತಡೆದು, ಟ್ರಂಪ್‌ನ ಮೊದಲ ಸುತ್ತನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟು ಹತೋಟಿ ಉಳಿಸಿಕೊಂಡರು. ಟ್ರಂಪ್ ನಾಲ್ಕು-ಒಂದಾಗಿ ಒಡೆದಿತ್ತು, ಕಾಂಟ್ರ್ಯಾಕ್ಟ್ ಗೆದ್ದಿತು. ಡಿಫೆನ್ಸ್‌ನಲ್ಲಿದ್ದ (ಎದುರಾಳಿ ಜೋಡಿಯ) ಮಹಿಳೆಯೊಬ್ಬರು ಒಂದು ಮಾತನ್ನೂ ಆಡದೆ ಮೇಜು ಬಿಟ್ಟು ಹೋದರು. ಬರೆದವರನ್ನು ಖಾಸಗಿಯಾಗಿ ಕೇಳಿದಾಗ, ತಾವು ಎಲೆಯ ಹೆಸರೇ ಎತ್ತಿಲ್ಲವೆಂದೂ ಹುರಿದುಂಬಿಸಿದ್ದಷ್ಟೇ ಎಂದೂ ನೊಂದುಕೊಂಡು ಉತ್ತರಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲವೆಂದು ನಾನೂ ನಂಬುತ್ತೇನೆ.

ವೀಕ್ಷಕರನ್ನು ಪೂರ್ತಿಯಾಗಿ ಹೊರಗಿಡುವ ಅವಕಾಶ ತಾಣದಲ್ಲಿ ಇದೆ, ಆದರೆ ಹಾಗೆ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಿ: ಇಂತಹ ಮಾತನ್ನು ತಪ್ಪು ಎನ್ನಬಹುದೇ? ಎನ್ನಬಹುದಾದರೆ ಆ ಕೈಯನ್ನು, ಅಂದರೆ ಆ ಹಂಚಿಕೆಯ ಆಟವನ್ನು, ಏನು ಮಾಡಬೇಕು? ಮುಂದೆ ಮೇಜನ್ನು ಹೇಗೆ ನಡೆಸಬೇಕು?

ಹಳೆಯ ಡೈರೆಕ್ಟರ್:

ಮಾನ್ಯರೇ, ಇದು ಖಂಡಿತವಾಗಿ ತಪ್ಪು, ಮತ್ತು ಇದನ್ನು ಹೇಳಲು ನನ್ನ ಅಭಿಪ್ರಾಯದ ಅಗತ್ಯವೇ ಇಲ್ಲ. 2017ರ ಡೂಪ್ಲಿಕೇಟ್ ಬ್ರಿಡ್ಜ್ ನಿಯಮಾವಳಿಯಲ್ಲಿ 76ನೆಯ ನಿಯಮ ವೀಕ್ಷಕರಿಗಾಗಿಯೇ ಇದೆ. ಅನುಮತಿಯಿಲ್ಲದೆ ವೀಕ್ಷಕ ಒಬ್ಬರಿಗಿಂತ ಹೆಚ್ಚು ಆಟಗಾರರ ಕೈ ನೋಡುವಂತಿಲ್ಲ, ಬಿಡ್ಡಿಂಗ್ ಅಥವಾ ಆಟ ನಡೆಯುತ್ತಿರುವಾಗ ಯಾವ ಪ್ರತಿಕ್ರಿಯೆಯನ್ನೂ ತೋರಿಸುವಂತಿಲ್ಲ, ಆಟಗಾರರೊಂದಿಗೆ ಮಾತಾಡುವಂತಿಲ್ಲ, ಆಟದ ಯಾವ ಅಂಶದತ್ತಲೂ ಗಮನ ಸೆಳೆಯುವಂತಿಲ್ಲ. ನಡೆದ ಸಂಗತಿಯ ಬಗ್ಗೆ ಡೈರೆಕ್ಟರ್ (ಪಂದ್ಯದ ತೀರ್ಪುಗಾರರು) ತಾವಾಗಿ ಕೇಳಿದರೆ ಮಾತ್ರ ಆತ ಬಾಯಿ ತೆರೆಯಬಹುದು. ಪ್ರತಿಕ್ರಿಯೆ ಎಂಬಲ್ಲಿ ನಿಯಮ ಒಳ್ಳೆಯ ಪ್ರತಿಕ್ರಿಯೆ, ಕೆಟ್ಟ ಪ್ರತಿಕ್ರಿಯೆ ಎಂದು ಭೇದ ಮಾಡಿಲ್ಲವೆಂಬುದನ್ನು ಗಮನಿಸಿ.

ಎಲೆಯ ಹೆಸರೆತ್ತದಿದ್ದರೂ ಆ ಮಾತು ಏಕೆ ಅಪಾಯಕರ ಎಂಬುದಕ್ಕೆ ನಿಮ್ಮ ಕೈಯೇ ಸಾಕ್ಷಿ. ಎದುರಾಳಿಗಳ ಬಳಿ ಐದು ಟ್ರಂಪ್ ಇರುವಾಗ ಅವು ಮೂರು-ಎರಡಾಗಿ ಒಡೆಯುವ ಸಾಧ್ಯತೆ ಶೇಕಡಾ 68ರಷ್ಟು, ನಾಲ್ಕು-ಒಂದಾಗುವುದು ಶೇಕಡಾ 28ರಷ್ಟು, ಐದೂ ಒಂದೇ ಕಡೆ ಸೇರುವುದು ಶೇಕಡಾ 4ರಷ್ಟು. ಸಾಮಾನ್ಯವಾಗಿ ಡಿಕ್ಲೇರರ್ ಮೊದಲ ಸಾಧ್ಯತೆಯನ್ನೇ ನೆಚ್ಚಿ ನಡೆಯುತ್ತಾರೆ. ನಾಲ್ಕೂ ಕೈ ಕಾಣುತ್ತಿರುವ ವ್ಯಕ್ತಿಯೊಬ್ಬರು "ಅವಸರ ಬೇಡ" ಎಂದ ಕ್ಷಣದಲ್ಲೇ ಆ ಲೆಕ್ಕ ತಿರುವುಮುರುವಾಗುತ್ತದೆ, ಏಕೆಂದರೆ ಎಲ್ಲವೂ ಸಲೀಸಾಗಿದ್ದರೆ ನೋಡುವವರಿಗೆ ಆ ಮಾತು ಹೊಳೆಯುತ್ತಲೇ ಇರಲಿಲ್ಲ. ಬರೆದವರ ಸದುದ್ದೇಶದಿಂದ ಆ ಮಾಹಿತಿಯ ತೂಕ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಇದನ್ನು ಸಭ್ಯತೆಯ ಪ್ರಶ್ನೆಯಾಗಿ ನೋಡುವುದು ಬೇಡ; ಮಾಹಿತಿ ಸೋರಿಕೆಯ ಪ್ರಶ್ನೆಯಾಗಿ ನೋಡಬೇಕು. ಬೈಗುಳ ಬರೆಯುವವನನ್ನು ಹೊರಗೆ ಹಾಕುವುದು ಸುಲಭ, ಅದರಲ್ಲಿ ಯಾರಿಗೂ ಗೊಂದಲವಿಲ್ಲ. ಮೇಜಿಗೆ ನಿಜವಾದ ಪೆಟ್ಟು ಬೀಳುವುದು ಒಳ್ಳೆಯ ಮನಸ್ಸಿನ ವೀಕ್ಷಕರ ಬಾಯಿ ತಪ್ಪಿದ ಮಾತುಗಳಿಂದ.

ಆ ಕೈಯನ್ನು ಏನು ಮಾಡಬೇಕೆಂದು ಕೇಳಿದ್ದೀರಿ. ಹೊರಗಿನಿಂದ ಅಕಸ್ಮಾತ್ ಕಿವಿಗೆ ಬಿದ್ದ ಮಾಹಿತಿಯ ಬಗ್ಗೆ 16ನೆಯ ನಿಯಮ ಹೇಳುತ್ತದೆ: ಡೈರೆಕ್ಟರ್‌ಗೆ ತಕ್ಷಣ ತಿಳಿಸಬೇಕು, ಆ ಮಾಹಿತಿ ಪಡೆದ ಆಟಗಾರರೇ ತಿಳಿಸುವುದು ಇನ್ನೂ ಮೇಲು. ಪಂದ್ಯದಲ್ಲಾದರೆ ಡೈರೆಕ್ಟರ್ ಆಟ ಮುಂದುವರಿಸಿ ನಂತರ ಅಂಕ ಸರಿಪಡಿಸಬಹುದು. ನಿಮ್ಮದು ಸ್ನೇಹದ ಮೇಜು. ಆ ಕೈಯನ್ನು ಅಲ್ಲಿಗೇ ಬಿಟ್ಟು ಹೊಸ ಕೈ ಹಂಚಿಸಿ. ಯಾರ ಮೇಲೂ ಆರೋಪ ಹೊರಿಸದೆ ಮುಗಿಯುವ ದಾರಿ ಅದು.

ಧಾರವಾಡದ ವಿದ್ಯಾರ್ಥಿನಿ:

ಡೈರೆಕ್ಟರ್ ಸರ್ ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ, ಆದರೆ ಈ ಚರ್ಚೆ ವೀಕ್ಷಕರಿಗೆ ಬಾಗಿಲು ಮುಚ್ಚುವ ಕಡೆಗೆ ಹೋಗಬಾರದೆಂಬ ಕಳಕಳಿಯಿಂದ ಬರೆಯುತ್ತಿದ್ದೇನೆ. ನನ್ನ ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಬ್ರಿಡ್ಜ್ ಬಲ್ಲವರು ಯಾರೂ ಇಲ್ಲ. ನಮ್ಮೂರ ಕಟ್ಟೆಯಲ್ಲಿ ಇಸ್ಪೀಟು ಆಡುವವರ ಬೆನ್ನ ಹಿಂದೆ ನಿಂತು ಹುಡುಗರು ಆಟ ಕಲಿಯುತ್ತಾರೆ; ಹುಡುಗಿಯರಿಗೆ ಆ ಜಾಗವೂ ಸಿಗುವುದಿಲ್ಲ. ನಾನು ಬಿಡ್ಡಿಂಗ್ ಕಲಿತದ್ದು ಪೂರ್ತಿಯಾಗಿ ಆನ್‌ಲೈನ್ ಮೇಜುಗಳನ್ನು ನೋಡುತ್ತಾ. ಒಂದು ನೋ-ಟ್ರಂಪ್ (ತುರುಪಿಲ್ಲದ ಆಟ) ಎಂದು ಆರಂಭಿಸಿದವರಿಗೆ ಜೊತೆಗಾರ ಎರಡು ಕ್ಲಬ್ ಎಂದರೆ ಅದು ಕ್ಲಬ್ ಅಲ್ಲ, ನಾಲ್ಕೆಲೆಯ ಹಾರ್ಟ್ಸ್ ಅಥವಾ ಸ್ಪೇಡ್ ಇದೆಯೇ ಎಂಬ ಪ್ರಶ್ನೆ ಎಂಬುದನ್ನು ಯಾವ ಪುಸ್ತಕವೂ ನನಗೆ ಮನದಟ್ಟು ಮಾಡಿಸಿರಲಿಲ್ಲ. ಪಕ್ಕದ ವೀಕ್ಷಕರೊಬ್ಬರು ಚಾಟ್‌ನಲ್ಲಿ ಬಿಡಿಸಿ ಹೇಳಿದಾಗ ಅರ್ಥವಾಯಿತು.

ವೀಕ್ಷಕರ ಮಾತು ಪೂರ್ತಿ ನಿಂತರೆ ನನ್ನಂಥವರಿಗೆ ಉಳಿಯುವುದು ಎಲೆಗಳ ಓಡಾಟ ಮಾತ್ರ. ಹಾಗಾಗಿ ಕೇಳುತ್ತೇನೆ: ಆಟಗಾರರ ಕಣ್ಣಿಗೆ ಬೀಳದ ಹಾಗೆ ನಾವು ನಮ್ಮ ನಮ್ಮಲ್ಲಿ ಮಾತಾಡಿಕೊಳ್ಳಲು ದಾರಿ ಇಲ್ಲವೇ?

ಡಮ್ಮಿ ಕೈ:

ಇದೆ. ನಾನು ಸಾಫ್ಟ್‌ವೇರ್ ಕೆಲಸದವನು, ನ್ಯೂಜೆರ್ಸಿಯಿಂದ ಭಾನುವಾರ ಬೆಳಿಗ್ಗೆ ನಿಮ್ಮ ಮೇಜಿಗೆ ಬರುವವರಲ್ಲಿ ಒಬ್ಬ. ಬ್ರಿಡ್ಜ್ ಬೇಸ್‌ನಲ್ಲಿ ಚಾಟ್ ಕಳಿಸುವಾಗ ಅದು ಯಾರಿಗೆ ಹೋಗಬೇಕೆಂದು ಆರಿಸಬಹುದು: ಇಡೀ ಮೇಜಿಗೆ, ಎದುರಾಳಿಗಳಿಗೆ, ವೀಕ್ಷಕರಿಗೆ ಮಾತ್ರ, ಅಥವಾ ಒಬ್ಬರಿಗೆ ಖಾಸಗಿಯಾಗಿ. ಮೇಜು ತೆರೆಯುವವರು ಆರಂಭದಲ್ಲೇ ವೀಕ್ಷಕರನ್ನು ಬಿಡಬೇಕೇ, ಅವರು ಬರಲು ಅನುಮತಿ ಕೇಳಬೇಕೇ, ಮೇಜಿಗೆ ಕಾಣುವಂತೆ ಅವರು ಬರೆಯಬಹುದೇ ಎಂಬುದನ್ನು ಗೊತ್ತುಮಾಡಬಹುದು. ವೀಕ್ಷಕರನ್ನು ಬಿಟ್ಟು, ಮೇಜಿಗೆ ಬರೆಯುವ ಅವಕಾಶವನ್ನು ಮಾತ್ರ ತೆಗೆದರೆ ಇಲ್ಲಿ ವರ್ಣಿಸಿದ ಘಟನೆ ನಡೆಯುತ್ತಲೇ ಇರಲಿಲ್ಲ, ಧಾರವಾಡದ ಸೋದರಿಗೆ ಬೇಕಾದ ಪಾಠವೂ ನಿಲ್ಲುತ್ತಿರಲಿಲ್ಲ. ದೊಡ್ಡ ಪಂದ್ಯಗಳ ನೇರ ಪ್ರಸಾರವಾದ ವ್ಯೂಗ್ರಾಫ್ ವರ್ಷಗಳಿಂದ ಹೀಗೆಯೇ ನಡೆದುಬಂದಿದೆ: ವಿವರಣೆಕಾರರು ಬರೆದದ್ದು ನೋಡುಗರೆಲ್ಲರಿಗೂ ಕಾಣುತ್ತದೆ, ನೋಡುಗರ ಪ್ರಶ್ನೆ ವಿವರಣೆಕಾರರಿಗೆ ಖಾಸಗಿಯಾಗಿ ಹೋಗುತ್ತದೆ, ಆಡುವವರಿಗೆ ಎರಡೂ ತಲುಪುವುದಿಲ್ಲ. ಚೆಸ್ ಆಡುವ ಲೀಚೆಸ್ ತಾಣದಲ್ಲಿಯೂ ಆಟಗಾರರ ಮಾತಿಗೂ ವೀಕ್ಷಕರ ಮಾತಿಗೂ ಪ್ರತ್ಯೇಕ ಕೋಣೆಗಳಿವೆ.

ಆದರೆ ಚಾಟ್ ಮುಚ್ಚಿದ ಮಾತ್ರಕ್ಕೆ ಸೋರಿಕೆ ನಿಂತಿತೆಂದು ತಿಳಿಯಬೇಡಿ. ಕಟ್ಟೆಯ ಬಳಿ ನಿಂತವನು ನಾಲ್ಕೂ ಕೈ ನೋಡಬೇಕಾದರೆ ಸುತ್ತು ಹೊಡೆಯಬೇಕು, ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಆನ್‌ಲೈನ್‌ನ ಸಾಮಾನ್ಯ ಮೇಜಿನಲ್ಲಿ ವೀಕ್ಷಕನ ಪರದೆಯ ಮೇಲೆ ನಾಲ್ಕೂ ಕೈಗಳು ಒಟ್ಟಿಗೇ ತೆರೆದುಕೊಂಡಿರುತ್ತವೆ. 2020ರಲ್ಲಿ ಕೋವಿಡ್‌ನಿಂದಾಗಿ ಕ್ಲಬ್‌ಗಳು ಮುಚ್ಚಿ ಇಡೀ ಜಗತ್ತಿನ ಬ್ರಿಡ್ಜ್ ಆನ್‌ಲೈನ್‌ಗೆ ಬಂದಾಗ ಇದರ ಪರಿಣಾಮ ಬಯಲಾಯಿತು. ಒಬ್ಬನೇ ವ್ಯಕ್ತಿ ಇನ್ನೊಂದು ಹೆಸರಿನಲ್ಲಿ ಖಾತೆ ತೆರೆದು, ತಾನು ಆಡುತ್ತಿರುವ ಮೇಜಿಗೇ ವೀಕ್ಷಕನಾಗಿಯೂ ಬಂದು, ಎಲ್ಲರ ಎಲೆ ನೋಡಿಕೊಂಡು ಆಡಿದ ಪ್ರಕರಣಗಳು ಹಲವು ದೇಶಗಳಲ್ಲಿ ಹೊರಬಂದವು. ಹೀಗೆ ಆಡಿದ್ದಾಗಿ ತಾವಾಗಿ ಒಪ್ಪಿಕೊಂಡವರಲ್ಲಿ ಅಂತರರಾಷ್ಟ್ರೀಯ ಮಟ್ಟದ ಆಟಗಾರರೂ ಇದ್ದರು. ಅನೇಕ ಸಂಘಟಕರು ಪಂದ್ಯಗಳಲ್ಲಿ ವೀಕ್ಷಕರನ್ನು ನಿಲ್ಲಿಸಿದ್ದು, ಪ್ರಸಾರವನ್ನು ತಡಮಾಡಿ ಬಿಡಲಾರಂಭಿಸಿದ್ದು ಆ ಕಾಲದಲ್ಲಿ. ಅದೇ ವರ್ಷ ಬ್ರಿಟನ್ನಿನಲ್ಲಿ ಆರಂಭವಾದ ರಿಯಲ್‌ಬ್ರಿಡ್ಜ್ ತಾಣ ಆಟಗಾರರ ಮುಖವನ್ನೂ ದನಿಯನ್ನೂ ಮೇಜಿಗೆ ತಂದಿತು; ಎದುರಿಗೆ ಮುಖ ಕಾಣುವಾಗ ಪಕ್ಕದ ಪರದೆಯತ್ತ ಕಣ್ಣು ಹೊರಳಿಸುವುದು ಕಷ್ಟ.

ನಿಮ್ಮ ಮೇಜಿನವರ ಪ್ರಾಮಾಣಿಕತೆಯ ಮೇಲೆ ಶಂಕೆಯಿಂದ ಇದನ್ನು ಹೇಳುತ್ತಿಲ್ಲ. ಅಂಕಕ್ಕೆ ಬೆಲೆಯಿರುವ ಕಡೆ ಒಂದು ಕ್ರಮ, ಕಲಿಕೆಗೆ ಬೆಲೆಯಿರುವ ಕಡೆ ಇನ್ನೊಂದು ಕ್ರಮ ಬೇಕೆಂಬುದು ನನ್ನ ವಾದ. ಎರಡನ್ನೂ ಒಂದೇ ಮೇಜಿನಲ್ಲಿ ಬೆರೆಸಿದರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಪಡುವಣ ಕುರ್ಚಿ:

ಒಂದು ಸಣ್ಣ ಪ್ರಶ್ನೆ. ರಮ್ಮಿ ಆ್ಯಪ್‌ಗಳಲ್ಲಿ ಚಾಟ್ ಹೇಗೆ ನಿಭಾಯಿಸುತ್ತಿದ್ದರು ಎಂಬುದರಿಂದ ನಾವು ಏನಾದರೂ ಕಲಿಯಬಹುದೇ?

ಭಾನುವಾರದ ಮೇಜು:

ಅಲ್ಲಿನ ಆಟ ಹಣಕ್ಕಾಗಿ ನಡೆಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದೆ. ನಮ್ಮ ಪ್ರಶ್ನೆ ಬೇರೆ. ದಯವಿಟ್ಟು ಬ್ರಿಡ್ಜ್ ಮೇಜಿಗೇ ಸೀಮಿತವಾಗಿರೋಣ.

ಡಮ್ಮಿ ಕೈ ಅವರೇ, ಬಹಳ ಉಪಯುಕ್ತವಾದ ವಿವರ ಕೊಟ್ಟಿರಿ. ಮೇಜಿಗೆ ಬರೆಯುವ ಅವಕಾಶವನ್ನು ವೀಕ್ಷಕರಿಂದ ತೆಗೆಯುವುದೆಂದು ನಾನು ಬಹುಮಟ್ಟಿಗೆ ನಿರ್ಧರಿಸಿದ್ದೇನೆ. ಉಳಿಯುವುದು ಆಟಗಾರರದೇ ಚಾಟ್. ಕೈ ನಡೆಯುತ್ತಿರುವಾಗಲೇ ಜೊತೆಗಾರರಿಗೆ, "ಆ ಡಬಲ್ ಏಕೆ ಹೇಳಿದಿರಿ" ಎಂದು ಬರೆಯುವವರಿದ್ದಾರೆ. ತಮ್ಮ ಬಿಡ್‌ನ ಅರ್ಥವನ್ನು ಎಲ್ಲರಿಗೂ ಕಾಣುವಂತೆ ಬರೆಯುವವರಿದ್ದಾರೆ. ಬೈಗುಳವಲ್ಲದಿದ್ದರೂ ಹೊಸಬರು ಇದರಿಂದ ಕುಗ್ಗಿಹೋಗುತ್ತಾರೆ.

ಎಂಟರ ಟ್ರಂಪ್:

ನಾನು ಹಾರ್ತ್‌ಸ್ಟೋನ್ ಎಂಬ ಆನ್‌ಲೈನ್ ಕಾರ್ಡ್ ಆಟ ಆಡುತ್ತಾ ಬೆಳೆದವನು, ಬ್ರಿಡ್ಜ್‌ಗೆ ಹೊಸಬ. ಆ ಆಟದಲ್ಲಿ ಅಪರಿಚಿತ ಎದುರಾಳಿಗೆ ಏನನ್ನೂ ಬರೆಯಲು ಬರುವುದಿಲ್ಲ. ನಮಸ್ಕಾರ, ಚೆನ್ನಾಗಿ ಆಡಿದಿರಿ, ಧನ್ಯವಾದ ಎಂಬಂಥ ಸಿದ್ಧ ಮಾತುಗಳು ಕೆಲವಿವೆ, ಅವುಗಳಲ್ಲಿ ಒಂದನ್ನು ಒತ್ತಬಹುದು. ಅದೂ ಬೇಡವೆಂದರೆ ಎದುರಾಳಿಯ ದನಿಯನ್ನು ಮುಚ್ಚಬಹುದು. ಗೆಳೆಯರ ಆಟವನ್ನು ನೋಡುವ ಸೌಲಭ್ಯ 2014ರ ಕೊನೆಯಲ್ಲಿ ಬಂದಾಗಲೂ ವೀಕ್ಷಕನಿಗೆ ತನ್ನ ಗೆಳೆಯನ ಕೈ ಮಾತ್ರ ಕಾಣುವಂತೆ ಮಾಡಿದ್ದರು. ಇಬ್ಬರೂ ಆಟಗಾರರು ಗೆಳೆಯರಾಗಿದ್ದರೆ ಮಾತ್ರ ಎರಡೂ ಕೈ ನೋಡಬಹುದು. ನಮ್ಮ ಮೇಜಿನಲ್ಲೂ ಆಟಗಾರರು ಇಂತಿಷ್ಟೇ ಮಾತು ಬಳಸಬೇಕೆಂದು ಒಪ್ಪಂದ ಮಾಡಿಕೊಂಡರೆ ಹೇಗೆ?

ಹಳೆಯ ಡೈರೆಕ್ಟರ್:

ನಿಮ್ಮ ಸಲಹೆಯ ತಿರುಳು ಒಳ್ಳೆಯದು. ನಾನು ಬಲ್ಲಂತೆ ಆ ಆಟದಲ್ಲೇ "ಕ್ಷಮಿಸಿ" ಎಂಬ ಸಿದ್ಧ ಮಾತನ್ನು ನಂತರ ತೆಗೆದುಹಾಕಿದರು, ಏಕೆಂದರೆ ಜನ ಅದನ್ನು ಎದುರಾಳಿಯನ್ನು ಚುಚ್ಚಲು ಬಳಸುತ್ತಿದ್ದರು. ಮಾತನ್ನು ಎಷ್ಟೇ ಕಿರಿದಾಗಿಸಿದರೂ ನೋಯಿಸಲು ಹೊರಟವನಿಗೆ ಅದೇ ಸಾಕಾಗುತ್ತದೆ. ಅಲ್ಲದೆ ಬ್ರಿಡ್ಜ್‌ನಲ್ಲಿ ಮಾತು ಪೂರ್ತಿ ಇಲ್ಲದೆ ನಡೆಯುವುದಿಲ್ಲ: ನಮ್ಮ ಬಿಡ್‌ನ ಅರ್ಥವನ್ನು ತಿಳಿಯುವ ಹಕ್ಕು ಎದುರಾಳಿಗಳಿಗಿದೆ, ಕೇಳಿದಾಗ ವಿವರಿಸಲೇಬೇಕು.

ವಿವರಣೆಯ ವಿಷಯದಲ್ಲಿ ಆನ್‌ಲೈನ್ ಮೇಜು ನಿಜವಾದ ಮೇಜಿಗಿಂತ ಉತ್ತಮ ಎಂಬುದನ್ನು ಹೊಸಬರು ತಿಳಿಯಬೇಕು. ಕ್ಲಬ್ಬಿನಲ್ಲಿ ನನ್ನ ಬಿಡ್‌ನ ಅರ್ಥವನ್ನು ಎದುರಾಳಿಗೆ ಹೇಳುವುದು ನನ್ನ ಜೊತೆಗಾರ. ಆತ ಹೇಳುವುದನ್ನು ನಾನೂ ಕೇಳಿಸಿಕೊಳ್ಳುತ್ತೇನೆ, ಆತ ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ನನಗೆ ತಿಳಿದುಹೋಗುತ್ತದೆ, ಆಮೇಲೆ ತಿಳಿದೂ ತಿಳಿಯದವನಂತೆ ನಡೆದುಕೊಳ್ಳಬೇಕಾದ ಇಕ್ಕಟ್ಟು ಬರುತ್ತದೆ. ಆನ್‌ಲೈನ್‌ನಲ್ಲಿ ನನ್ನ ಬಿಡ್ ಅನ್ನು ನಾನೇ ಅಲರ್ಟ್ ಮಾಡಿ ಅರ್ಥ ಬರೆಯುತ್ತೇನೆ, ಅದು ಎದುರಾಳಿಗಳಿಬ್ಬರಿಗೆ ಮಾತ್ರ ಕಾಣುತ್ತದೆ, ಜೊತೆಗಾರರಿಗೆ ಕಾಣುವುದಿಲ್ಲ. ಅದೇ ಅರ್ಥವನ್ನು ಇಡೀ ಮೇಜಿಗೆ ಬರೆದರೆ ಈ ಲಾಭವೆಲ್ಲ ಹೋಗಿ, ನನ್ನ ಕೈಯಲ್ಲಿ ಏನಿದೆ ಎಂದು ಜೊತೆಗಾರರಿಗೆ ನಾನೇ ಬಾಯಿಬಿಟ್ಟು ಹೇಳಿದಂತಾಗುತ್ತದೆ. ಈ ಅಭ್ಯಾಸವನ್ನು ಮೊದಲ ವಾರದಲ್ಲೇ ತಿದ್ದಿ. ಗದರಿಸುವುದು ಬೇಡ, ಅಲರ್ಟ್ ಎಲ್ಲಿದೆ ಎಂದು ತೋರಿಸಿದರೆ ಸಾಕು.

ಬ್ರಿಡ್ಜ್‌ನ ಇತಿಹಾಸದಲ್ಲಿ ಉಪದೇಶಕ್ಕಿಂತ ವ್ಯವಸ್ಥೆಯೇ ಹೆಚ್ಚು ಫಲ ಕೊಟ್ಟಿದೆ. ದನಿಯ ಏರಿಳಿತದಿಂದ ಜೊತೆಗಾರನಿಗೆ ಸುಳಿವು ಸಿಗುತ್ತಿದೆ ಎಂದಾಗ 1960ರ ದಶಕದಲ್ಲಿ ಸ್ವೀಡನ್‌ನವರು ಬಿಡ್ಡಿಂಗ್ ಪೆಟ್ಟಿಗೆ (ಬಿಡ್‌ಗಳನ್ನು ಅಚ್ಚು ಹಾಕಿದ ಚೀಟಿಗಳ ಪೆಟ್ಟಿಗೆ) ತಂದರು. ಅಂದಿನಿಂದ ಬಿಡ್ ಹೇಳಲು ಬಾಯಿ ತೆರೆಯುವ ಅಗತ್ಯವೇ ಉಳಿಯಲಿಲ್ಲ. ಮುಖಭಾವದ ಶಂಕೆ ನೀಗಲು 1975ರ ಬರ್ಮುಡಾ ಬೌಲ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೇಜಿಗೆ ಅಡ್ಡವಾಗಿ ಪರದೆ ಬಂತು. ಆ ಪಂದ್ಯದಲ್ಲೇ ಮೇಜಿನ ಕೆಳಗೆ ಕಾಲು ತಾಗಿಸಿದ ಆರೋಪ ಇಟಲಿಯ ಜೋಡಿಯೊಂದರ ಮೇಲೆ ಬಂದಾಗ ಮೇಜಿನ ಕೆಳಗೂ ತಡೆ ಇಟ್ಟರು. ವೀಕ್ಷಕರ ಚಾಟ್ ಅನ್ನು ಬೇರೆ ಮಾಡುವುದು ಇದೇ ದಾರಿಯ ಮುಂದಿನ ಹೆಜ್ಜೆ.

ಜೊತೆಗಾರರನ್ನು ಮೇಜಿನಲ್ಲಿ ಆಕ್ಷೇಪಿಸುವುದರ ಬಗ್ಗೆ ನನಗೆ ಯಾವ ಸಡಿಲಿಕೆಯೂ ಇಲ್ಲ. 74ನೆಯ ನಿಯಮ ಸೌಜನ್ಯವನ್ನು ಕಡ್ಡಾಯ ಮಾಡಿದೆ, ಆಟದ ನಡುವೆ ಅನಗತ್ಯ ಟೀಕೆಯನ್ನು ಬಿಡಬೇಕೆಂದೂ ಹೇಳಿದೆ. ಆಡಿದ ಕೈಗಳ ದಾಖಲೆ ತಾಣದಲ್ಲೇ ಉಳಿಯುತ್ತದೆ. ಮರುದಿನ ತೆರೆದು ಎಲೆ ಎಲೆಯಾಗಿ ನೋಡಬಹುದು. ಹಾಗಿರುವಾಗ ಚರ್ಚೆಗೆ ಆ ಕ್ಷಣವೇ ಏಕೆ ಬೇಕು?

ಧಾರವಾಡದ ವಿದ್ಯಾರ್ಥಿನಿ:

ಭಾಷೆಯ ವಿಷಯವನ್ನು ಇಲ್ಲಿಯವರೆಗೆ ಯಾರೂ ಎತ್ತಿಲ್ಲ. ನಾಲ್ಕನೆಯವರು ಸಿಗದಿದ್ದಾಗ ನಮ್ಮ ಮೇಜಿಗೆ ಕನ್ನಡ ಬಾರದವರೂ ಬಂದು ಕೂರುತ್ತಾರೆ. ಒಮ್ಮೆ ತಮಿಳುನಾಡಿನವರೊಬ್ಬರು ಕೂತಿದ್ದಾಗ ಎದುರಿನ ಜೋಡಿ ಕೈ ನಡುವೆ ಕನ್ನಡದಲ್ಲಿ ಊಟ ತಿಂಡಿಯ ಮಾತಾಡಿಕೊಂಡರು. ಅದು ನಿರಪಾಯದ ಮಾತೆಂದು ನನಗೆ ಗೊತ್ತು, ಆದರೆ ಅವರಿಗೆ ಗೊತ್ತಾಗುವ ಬಗೆ ಹೇಗೆ? ಎದುರಾಳಿಗೆ ಅರ್ಥವಾಗದ ಭಾಷೆಯಲ್ಲಿ ಜೊತೆಗಾರರಿಬ್ಬರು ಮಾತಾಡಿದರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಕನ್ನಡದ ಮೇಜಿನಲ್ಲಿ ಕನ್ನಡವೇ ಇರಬೇಕೆಂದು ಬಯಸುವವರಲ್ಲಿ ನಾನೂ ಒಬ್ಬಳು. ಹಾಗಿದ್ದರೂ ಕನ್ನಡ ಬಾರದವರು ಕೂತಿರುವ ಹೊತ್ತಿನಲ್ಲಿ ಮೇಜಿನ ಮಾತು ಅವರಿಗೂ ತಿಳಿಯುವ ಭಾಷೆಯಲ್ಲಿ ಇರಲಿ, ವೀಕ್ಷಕರ ಚಾಟ್ ಕನ್ನಡದಲ್ಲೇ ಉಳಿಯಲಿ.

ಪಡುವಣ ಕುರ್ಚಿ:

ಭಾಷೆಯ ವಿಷಯದಲ್ಲಿ ಈ ಸೋದರಿಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಒಂದನ್ನು ಸೇರಿಸಬೇಕು: ಮತ್ತೆ ಮತ್ತೆ ತೊಂದರೆ ಕೊಡುವ ವೀಕ್ಷಕರನ್ನು ಹೊರಗೆ ಕಳಿಸುವ ಮೊದಲು ಒಮ್ಮೆ ಖಾಸಗಿಯಾಗಿ ಎಚ್ಚರಿಸಿ. ಎಲ್ಲರ ಮುಂದೆ ಎಚ್ಚರಿಸಿದರೆ ಆ ಎಚ್ಚರಿಕೆಯೇ ಆಟಕ್ಕೆ ಅಡ್ಡಿಯಾಗುತ್ತದೆ, ಮೇಲಾಗಿ ಅವರು ಬರೆದದ್ದರಲ್ಲಿ ಏನೋ ಅರ್ಥವಿತ್ತೆಂದು ಆಟಗಾರರಿಗೆ ಖಚಿತವಾಗುತ್ತದೆ. ಬೈಗುಳ, ಜಾತಿ ಅಥವಾ ಹೆಣ್ಣುಮಕ್ಕಳ ಬಗ್ಗೆ ಕೀಳು ಮಾತು ಬಂದಲ್ಲಿ ಮಾತ್ರ ಎಚ್ಚರಿಕೆ ಬೇಕಿಲ್ಲ; ಕೂಡಲೇ ಹೊರಗೆ ಹಾಕಿ ತಾಣದವರಿಗೂ ದೂರು ಕೊಡಿ.

ಭಾನುವಾರದ ಮೇಜು:

ಎಲ್ಲರ ಮಾತನ್ನೂ ಓದಿ ಮುಂದಿನ ಭಾನುವಾರಕ್ಕೆ ಹೀಗೆ ಬರೆದುಕೊಂಡಿದ್ದೇನೆ, ತಿದ್ದುವುದಿದ್ದರೆ ತಿಳಿಸಿ.

"ವೀಕ್ಷಕರಿಗೆ ಸ್ವಾಗತ. ವೀಕ್ಷಕರ ಮಾತು ವೀಕ್ಷಕರ ಚಾಟ್‌ನಲ್ಲಿ ಮಾತ್ರ. ಆಡುತ್ತಿರುವವರಿಗೆ ಖಾಸಗಿಯಾಗಿಯೂ ಏನನ್ನೂ ಬರೆಯಬೇಡಿ, ಹೊಗಳಿಕೆಯನ್ನೂ ಬರೆಯಬೇಡಿ. ಆಟಗಾರರು ಬಿಡ್‌ನ ಅರ್ಥವನ್ನು ಅಲರ್ಟ್ ಮೂಲಕ ಎದುರಾಳಿಗಳಿಗೆ ಮಾತ್ರ ತಿಳಿಸಬೇಕು. ಕೈ ಮುಗಿಯುವವರೆಗೆ ಜೊತೆಗಾರರ ನಡುವೆ ಮಾತಿಲ್ಲ. ಹೊರಗಿನ ಸುಳಿವು ಸಿಕ್ಕಿದೆಯೆಂದು ಯಾರೇ ಹೇಳಿದರೂ, ಯಾರನ್ನೂ ಪ್ರಶ್ನಿಸದೆ, ಆ ಕೈ ಬಿಟ್ಟು ಹೊಸ ಕೈ ಹಂಚಲಾಗುವುದು."

ತಿಂಗಳ ಕೊನೆಯ ಭಾನುವಾರ ಅಂಕ ಬರೆದಿಡುವ ಪಂದ್ಯ ಇರುತ್ತದೆ. ಅಂದು ಮಾತ್ರ ವೀಕ್ಷಕರಿಗೆ ಅವಕಾಶವಿರುವುದಿಲ್ಲ. ಆಡಿದ ಕೈಗಳನ್ನು ಮರುದಿನ ಇಲ್ಲಿ ಹಾಕಿ ಚರ್ಚಿಸೋಣ. ಉಳಿದ ಭಾನುವಾರಗಳಲ್ಲಿ ವೀಕ್ಷಕರ ಚಾಟ್‌ನಲ್ಲಿ ಹೊಸಬರಿಗೆ ವಿವರಿಸಲು ಒಬ್ಬ ಅನುಭವಿಯನ್ನು ಸರದಿಯಂತೆ ಕೂರಿಸುವ ಆಸೆಯಿದೆ. ಡೈರೆಕ್ಟರ್ ಅವರೇ, ಮೊದಲ ಸರದಿ ನಿಮ್ಮದಾಗಬಹುದೇ?

ಹಳೆಯ ಡೈರೆಕ್ಟರ್:

ಸಂತೋಷದಿಂದ ಬರುತ್ತೇನೆ. ವಿವರಿಸುವಾಗ ನಾನೂ ನಾಲ್ಕು ಕೈಗಳನ್ನು ತೆರೆದಿಡದೆ ಒಬ್ಬ ಆಟಗಾರರ ಕೈಯನ್ನು ಮಾತ್ರ ನೋಡುತ್ತೇನೆ. ಡಿಕ್ಲೇರರ್‌ಗೆ ಕಾಣುವಷ್ಟೇ ನನಗೂ ಕಂಡರೆ ಯೋಚಿಸುವ ಕ್ರಮವನ್ನು ಹೊಸಬರಿಗೆ ಪ್ರಾಮಾಣಿಕವಾಗಿ ತೋರಿಸಬಹುದು. ಎಲ್ಲ ಎಲೆ ಕಂಡಮೇಲೆ ಸರಿಯಾದ ಆಟ ಹೇಳುವುದು ಯಾರಿಗೂ ಕಷ್ಟವಲ್ಲ, ಅದರಿಂದ ಯಾರೂ ಕಲಿಯುವುದೂ ಇಲ್ಲ.

ಡಮ್ಮಿ ಕೈ:

ಕರಡು ಚೆನ್ನಾಗಿದೆ. ಒಂದು ಪ್ರಶ್ನೆ ಮಾತ್ರ ಉಳಿಯಿತು. ಎಲೆ ಹಾಸಿದ ಮೇಲೆ ಡಮ್ಮಿಗೆ ಕೆಲಸವಿರುವುದಿಲ್ಲ. ಆ ಹೊತ್ತಿನಲ್ಲಿ ಡಮ್ಮಿಯಾದವರು ವೀಕ್ಷಕರಿಗೆ ವಿವರಣೆ ಬರೆಯಬಹುದೇ? ಎಷ್ಟೋ ಮೇಜುಗಳಲ್ಲಿ ಇದು ರೂಢಿಯಲ್ಲಿದೆ.

ಹಳೆಯ ಡೈರೆಕ್ಟರ್:

ಬೇಡ. ಡಮ್ಮಿಯ ಮಿತಿಗಳನ್ನು 43ನೆಯ ನಿಯಮ ಹೇಳುತ್ತದೆ: ಡಮ್ಮಿ ಆಟದಲ್ಲಿ ಭಾಗವಹಿಸುವಂತಿಲ್ಲ, ಆಟದ ಬಗ್ಗೆ ಡಿಕ್ಲೇರರ್‌ಗೆ ಏನನ್ನೂ ತಿಳಿಸುವಂತಿಲ್ಲ, ಡಿಫೆಂಡರ್‌ಗಳ ಕೈಯಲ್ಲಿರುವ ಎಲೆಯ ಮುಖವನ್ನು ತಾನಾಗಿ ನೋಡುವಂತಿಲ್ಲ. ನಾಲ್ಕೂ ಕೈ ಕಾಣುವ ವೀಕ್ಷಕರೊಂದಿಗೆ ಡಮ್ಮಿ ಮಾತಿಗಿಳಿದರೆ ಅವರಲ್ಲಿ ಯಾರಾದರೂ ಕಾಣದ ಎಲೆಯ ಬಗ್ಗೆ ಉತ್ತರ ಬರೆದೇ ಬರೆಯುತ್ತಾರೆ. ಹದಿಮೂರನೆಯ ಟ್ರಿಕ್ (ಕೊನೆಯ ಸುತ್ತು) ಮುಗಿಯುವವರೆಗೆ ಡಮ್ಮಿಯೂ ಆಟಗಾರರೇ. ಕರಡಿನಲ್ಲಿ "ಡಮ್ಮಿಯೂ ಸೇರಿದಂತೆ" ಎಂಬ ಎರಡು ಪದ ಸೇರಿಸಿಬಿಡಿ.

ಭಾನುವಾರದ ಮೇಜು:

ಸೇರಿಸಿದ್ದೇನೆ.